ಮೂಗ ಕಂಪ್ಯೂಟರಿನ ಮುಂದೆ ಗುರುಮೂರ್ತಿಯ ಶಪಥ

“ಭಾನುವಾರ ಸಂಜೆಯೊಳಗೆ ಈ ಕಂಪ್ಯೂಟರಿನ ಬಾಯಿ ಬಿಡಿಸದೇ ಹೋದ್ರೆ ನನ್ನ ಹೆಸರು ಗುರುಮೂರ್ತಿಯೇ ಅಲ್ಲ!”

ಶನಿವಾರ ಬೆಳಿಗ್ಗೆ, ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಹಿಂದುಗಡೆಯ ಮನೆಯಲ್ಲಿ, ಸ್ಕ್ರೂಡ್ರೈವರ್ ಎತ್ತಿ ಹಿಡಿದು ಗುರುಮೂರ್ತಿ ಹೀಗೆ ಶಪಥ ಮಾಡಿದಾಗ ಸಾಕ್ಷಿಗಿದ್ದವರು ಇಬ್ಬರು. ತಾಯಿ ಕೆಂಪಲಕ್ಷ್ಮಮ್ಮ ಮತ್ತು ಹೆಂಡತಿ ಮಂಜುಶ್ರೀ. ತಾಯಿ ಆಕಳಿಸಿದರು. ಹೆಂಡತಿ ಒಂದು ಸಲ ಗಂಡನ ಮುಖವನ್ನೂ ಒಂದು ಸಲ ಗೋಡೆಯ ಕ್ಯಾಲೆಂಡರನ್ನೂ ನೋಡಿದಳು. ಅದರಲ್ಲಿ ಸೋಮವಾರದ ಸುತ್ತ ಅವಳೇ ಕೆಂಪು ಇಂಕಿನಲ್ಲಿ ಗೆರೆ ಎಳೆದಿದ್ದಳು.

ಮಂಜುಶ್ರೀ ಕನ್ನಡ ಎಂ.ಎ., ಬಿ.ಎಡ್. ಮದುವೆಯಾಗಿ ಹದಿಮೂರು ವರ್ಷದಿಂದ ಆ ಸರ್ಟಿಫಿಕೇಟುಗಳು ಬೀರುವಿನಲ್ಲಿ ರೇಷ್ಮೆ ಸೀರೆಯ ಅಡಿಯಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಬಿದ್ದಿದ್ದವು. ಮೊದಲ ವರ್ಷ ‘ಅಮ್ಮನಿಗೆ ಹುಷಾರಿಲ್ಲ’, ಆಮೇಲೆ ‘ಮಗು ಚಿಕ್ಕದು’, ಆಮೇಲೆ ‘ಈಗ್ಯಾಕೆ ಅವಸರ’. ಕೊನೆಗೂ ಹಗರೆ ಕಡೆಯ ಒಂದು ವಸತಿ ಶಾಲೆಯಿಂದ ಕರೆ ಬಂದಿತ್ತು. ಸೋಮವಾರ ಹನ್ನೊಂದಕ್ಕೆ ಆನ್‌ಲೈನ್ ಸಂದರ್ಶನ, ಒಟ್ಟು ಹದಿನೈದು ನಿಮಿಷ. ವಯಸ್ಸಿನ ಮಿತಿ ಮುಂದಿನ ತಿಂಗಳಿಗೆ ಮುಗಿಯುತ್ತಿತ್ತು. ಇದು ತಪ್ಪಿದರೆ ಇನ್ನೊಂದಿಲ್ಲ.

“ರೀ, ನಾನು ಫೋನಲ್ಲೇ ಕೊಡ್ತೀನಿ. ಅದ್ರಲ್ಲಿ ಎಲ್ಲಾ ಚೆನ್ನಾಗಿ ಕೇಳ್ಸುತ್ತೆ.”

“ಫೋನಲ್ಲಾ? ಆ ಅಂಗೈ ಅಗಲದ ಪರದೇಲಾ? ಅವರು ನಿನ್ನನ್ನ ಮೇಡಂ ಅಂದ್ಕೋಬೇಕೋ, ಬಸ್ ಸ್ಟ್ಯಾಂಡಲ್ಲಿ ನಿಂತು ತವರಿಗೆ ಮಾತಾಡೋಳು ಅಂದ್ಕೋಬೇಕೋ? ನಮ್ಮನೇಲಿ ಲಿನಕ್ಸ್ ಇದೆ ಕಣೇ!”

ಲಿನಕ್ಸ್! ಆ ಹೆಸರು ಹೇಳುವಾಗ ಗುರುಮೂರ್ತಿಯ ಎದೆ ಎರಡಂಗುಲ ಉಬ್ಬುತ್ತಿತ್ತು. ಕಾಲೇಜೊಂದರಲ್ಲಿ ಗುಮಾಸ್ತನಾಗಿದ್ದ ಅವನಿಗೆ ಜೀವನದಲ್ಲಿ ಸಿಕ್ಕಿದ ಒಂದೇ ಒಂದು ಸ್ವಾತಂತ್ರ್ಯ, ಕಂಪ್ಯೂಟರನ್ನು ನಡೆಸುವ ಈ ಪುಕ್ಕಟೆ ತಂತ್ರಾಂಶ. ಕಂಪನಿಯ ಅಪ್ಪಣೆ ಬೇಡ, ಕಳ್ಳ ಪ್ರತಿಯ ಪಾಪವಿಲ್ಲ, ಒಳಗಿನದನ್ನೆಲ್ಲ ಯಾರು ಬೇಕಾದರೂ ಬಿಚ್ಚಿ ತಿದ್ದಬಹುದು. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವನು ಪಾಯಸ ಕೇಳಿದರೂ ಗುರುಮೂರ್ತಿ ಮುಕ್ತ ತಂತ್ರಾಂಶ ಬಡಿಸುತ್ತಿದ್ದ. ಜನ ಎಲೆ ಎತ್ತಿಕೊಂಡು ಬೇರೆ ಸಾಲಿಗೆ ಹೋದದ್ದೂ ಉಂಟು.

ಆಯುಧ ಪೂಜೆಯ ದಿನವಂತೂ ಸ್ಕೂಟರಿಗೆ ಬರೀ ನಿಂಬೆಹಣ್ಣು, ಈಳಿಗೆಮಣೆಗೆ ಬರೀ ಕುಂಕುಮ. ಕಂಪ್ಯೂಟರಿಗೆ ಮಾತ್ರ ಸೇವಂತಿಗೆ ಹಾರ, ವಿಭೂತಿ, ಜೋಡಿ ಊದುಬತ್ತಿ, ಮಂಗಳಾರತಿ! ಇಷ್ಟೆಲ್ಲ ಮಾಡಿಸಿಕೊಂಡ ಯಂತ್ರ ಮರುದಿನದಿಂದಲೇ ಮೌನವ್ರತ ಹಿಡಿದಿತ್ತು. ಚಿತ್ರ ಬರುತ್ತಿತ್ತು, ಮಾತಿಲ್ಲ. ‘ನೋಡಿದರಾಯಿತು’ ಎಂದು ಒಂದು ತಿಂಗಳು ತಳ್ಳಿದ್ದ.

ಶನಿವಾರ ಅವನು ಸದ್ದಿನ ಸೆಟ್ಟಿಂಗ್ಸ್ ತೆರೆದ. ಧ್ವನಿಯನ್ನು ನೂರಕ್ಕೇರಿಸಿದ, ಸಾಲದೆಂದು ನೂರೈವತ್ತಕ್ಕೇರಿಸಿದ. ಸ್ಪೀಕರಿನ ವೈರು ಕಿತ್ತು ಹಾಕಿದ, ಒರೆಸಿ ಹಾಕಿದ, ಊದಿ ಹಾಕಿದ. ಸದ್ದಿಲ್ಲ. ಪರದೆಯ ಮೇಲೆ ಒಂದು ಸಾಲು ಮಾತ್ರ ವಿನಯದಿಂದ ನಿಂತಿತ್ತು: ಹೆಡ್‌ಫೋನ್ ಜೋಡಿಸಲಾಗಿದೆ.

“ಹ್ಹ ಹ್ಹ! ನೋಡೇ ಇಲ್ಲಿ, ಹೆಡ್‌ಫೋನ್ ಅಂತೆ! ಈ ಮನೇಲಿ ಹೆಡ್‌ಫೋನೇ ಇಲ್ಲ. ಇದಕ್ಕೆ ಭ್ರಮೆ ಹಿಡಿದಿದೆ.”

“ಒಂದ್ಸಲ ಬಗ್ಗಿ ನೋಡ್ರೀ, ಏನಾದ್ರೂ ಸಿಕ್ಕಾಕ್ಕೊಂಡಿರ್ಬೋದು.”

“ಬಗ್ಗಿ ನೋಡೋದು ಮಿಕ್ಸಿ ರಿಪೇರಿಯವರು. ಇದು ತಂತ್ರಾಂಶದ ವಿಷಯ. ನಿನಗೆ ಅರ್ಥ ಆಗಲ್ಲ.”

ಮಂಜುಶ್ರೀ ಒಳಗೆ ಹೋಗಿ ತೆಂಗಿನಕಾಯಿ ತುರಿಯತೊಡಗಿದಳು. ತುರಿಯುವ ಸದ್ದು ಎಂದಿಗಿಂತ ಜೋರಾಗಿತ್ತು.

ಭಾನುವಾರ ಪರದೆಯ ಮೇಲೆ ಆಜ್ಞೆ ಟೈಪಿಸುವ ಕಪ್ಪು ಕಿಟಕಿಯೊಂದನ್ನು ತೆರೆದು ಆಜ್ಞೆಗಳ ಮಳೆಗರೆದ. ಅಂತರ್ಜಾಲದಲ್ಲಿ ಯಾವನೋ ಪುಣ್ಯಾತ್ಮ, ಧ್ವನಿಯ ತಂತ್ರಾಂಶವನ್ನು ಬೇರುಸಹಿತ ಕಿತ್ತು ಹೊಸದಾಗಿ ಹಾಕಿ ಎಂದು ಬರೆದಿದ್ದ. ಕಿತ್ತ. ‘ಇದರ ಜೊತೆ ಇನ್ನೂ ನೂರಾ ಹನ್ನೆರಡು ತಂತ್ರಾಂಶಗಳು ಹೋಗುತ್ತವೆ, ಒಪ್ಪಿಗೆಯೇ?’ ಎಂದು ಯಂತ್ರ ಕೇಳಿತು. ಆಫೀಸಿನಲ್ಲಿ ಫೈಲು ಓದದೆ ಸೀಲು ಒತ್ತುವ ಕೈ ಅದು. ಒಪ್ಪಿಗೆ ಒತ್ತಿತು! ಸಂಜೆಗೆ ಪರದೆಯ ಮೇಲೆ ಮಿಣುಕುವ ಗೆರೆಯೊಂದನ್ನು ಬಿಟ್ಟರೆ ಏನೂ ಉಳಿಯಲಿಲ್ಲ. ಎಲ್ಲವನ್ನೂ ಅಳಿಸಿ ಲಿನಕ್ಸನ್ನು ಮೊದಲಿಂದ ಹಾಕಬೇಕಾಯಿತು.

“ರೀ, ಅದರಲ್ಲಿ ನನ್ನ ಪಾಠದ ನೋಟ್ಸ್ ಇತ್ತಲ್ಲ? ಹದಿನೆಂಟು ಪುಟ ಟೈಪ್ ಮಾಡಿದ್ದೆ.”

ಗುರುಮೂರ್ತಿ ಕನ್ನಡಕ ಒರೆಸಿಕೊಂಡ. “ಸ್ವಚ್ಛವಾಗಿ ಶುರು ಮಾಡೋದು ಒಳ್ಳೇದು ಕಣೇ.”

ಅವಳು ಅಳಲಿಲ್ಲ. ಮಗಳ ರಫ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನೆನಪಿದ್ದಷ್ಟನ್ನು ಬರೆದುಕೊಂಡಳು. ಗುರುಮೂರ್ತಿ ಎರಡು ಸಲ ಅವಳ ಫೋನಿನತ್ತ ನೋಡಿದ. ಆದರೆ ಶಪಥ ಮಾಡಿದ ಗಂಡಸು ಫೋನು ಹಿಡಿದುಕೋ ಎನ್ನುವುದುಂಟೇ? ‘ಕರೆ ಶುರುವಾದ ಮೇಲೆ ಸದ್ದು ತಾನೇ ಬರುತ್ತೆ, ಕೆಲವು ಯಂತ್ರದ ಸ್ವಭಾವ ಹಾಗೆ’ ಎಂದು ಒಂದು ಹೊಸ ಶಾಸ್ತ್ರವನ್ನೇ ಹುಟ್ಟಿಸಿದ.

ಸೋಮವಾರ ಹನ್ನೊಂದಕ್ಕೆ ಸರಿಯಾಗಿ ಪರದೆಯ ಮೇಲೆ ಮೂವರು ಮೂಡಿದರು. ನಡುವಿನ ಹಿರಿಯರು ತುಟಿ ಅಲುಗಿಸಿದರು. ಸದ್ದಿಲ್ಲ. ಗುರುಮೂರ್ತಿ ಮೇಜಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಹೆಂಡತಿಯ ತೋಳಿನ ಕೆಳಗಿಂದ ಕೈ ತೂರಿಸಿ, ಧ್ವನಿಯನ್ನು ಮತ್ತೆ ನೂರೈವತ್ತಕ್ಕೇರಿಸಿ ಕೀಬೋರ್ಡು ಕುಟ್ಟತೊಡಗಿದ.

“ರೀ, ಏನೂ ಕೇಳ್ತಿಲ್ಲ. ಫೋನಿಗೆ ಬದಲಾಯಿಸ್ಲಾ?”

“ಎರಡೇ ನಿಮಿಷ! ಮೊದಲು ಹೆಸರು ಕೇಳಿರ್ತಾರೆ, ಹೇಳು.”

ಅವಳು ಹೆಸರು ಹೇಳಿದಳು. ಮೂವರೂ ಮುಖ ಮುಖ ನೋಡಿಕೊಂಡರು. ಹಿರಿಯರು ಮತ್ತೆ ಏನೋ ಕೇಳಿದರು. ಅವಳು ಅಂದಾಜಿನ ಮೇಲೆ ಹಳಗನ್ನಡದ ಛಂದಸ್ಸನ್ನು ಬಿಡಿಸಿ ಹೇಳತೊಡಗಿದಳು. ಎಷ್ಟು ಚೆನ್ನಾಗಿ ಹೇಳಿದಳೆಂದರೆ, ಗುರುಮೂರ್ತಿಯ ಬೆರಳು ಒಂದು ಗಳಿಗೆ ಕೀಬೋರ್ಡಿನ ಮೇಲೆ ನಿಂತೇಹೋಯಿತು. ಇವಳಿಗೆ ಇಷ್ಟೆಲ್ಲ ಬರುತ್ತದೆಯೇ? ಹದಿಮೂರು ವರ್ಷದಲ್ಲಿ ಅವನು ಕೇಳಿಯೇ ಇರಲಿಲ್ಲ. ಹಿರಿಯರು ಮಾತ್ರ ಎರಡೂ ಕೈ ಎತ್ತಿ ತಡೆಯುತ್ತಿದ್ದರು. ಅವರು ಕೇಳಿದ್ದು ಬೇರೆ ಏನೋ ಇರಬೇಕು.

“ಸುಮ್ನೆ ನಗ್ತಾ ತಲೆ ಆಡಿಸು ಮಂಜು. ಇವರೇನು ಮಹಾ ಕೇಳ್ತಾರೆ, ದಡ್ಡ ನನ್ಮಕ್ಕಳು!”

ಒಳಗಿಂದ ಕೆಂಪಲಕ್ಷ್ಮಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು. “ಯಾರವ್ವ ಅವ್ರು, ಬಾಯ್ ಬಾಯ್ ಬಿಡ್ತಾ ಅವ್ರೆ? ಹಸಿವಾಗೈತೇನೋ, ಉಪ್ಪಿಟ್ಟೈತೆ ಅನ್ನು.”

ಸ್ಟೇಷನ್ನಿಗೆ ಬಂದ ರೈಲೊಂದು ಉದ್ದಕ್ಕೆ ಕೂಗಿತು. ಪರದೆಯಲ್ಲಿದ್ದ ಮೂವರೂ ಒಟ್ಟಿಗೇ ಕಿವಿ ಮುಚ್ಚಿಕೊಂಡರು.

ಮಂಜುಶ್ರೀ ಗಂಡನತ್ತ ತಿರುಗಿದಳು. ಗುರುಮೂರ್ತಿಯ ಕೈ ನಿಂತಿತು. ಆಗ ಆ ಹಿರಿಯರು ಒಂದು ಬಿಳಿ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಎತ್ತಿ ಹಿಡಿದರು: ‘ನಮಗೆ ಕೇಳಿಸುತ್ತಿದೆ. ಎಲ್ಲವೂ.’

ಕ್ಯಾಮೆರಾದ ಜೊತೆಗಿದ್ದ ಮೈಕು ಮೊದಲಿಂದಲೂ ಸರಿಯಾಗಿಯೇ ಇತ್ತು! ಮಂಜುಶ್ರೀ ಫೋನು ಕೈಗೆತ್ತಿಕೊಳ್ಳುವಷ್ಟರಲ್ಲಿ ಹದಿನೈದು ನಿಮಿಷ ಮುಗಿದು ಪರದೆ ಖಾಲಿಯಾಯಿತು. ಆಮೇಲೆ ಶಾಲೆಗೆ ನಾಲ್ಕು ಸಲ ಫೋನು ಮಾಡಿದಳು. ಫಲಿತಾಂಶ ಮೇಲ್‌ನಲ್ಲಿ ಬರುತ್ತದೆ ಎಂದರು.

ಮರುದಿನ ಆಫೀಸಿನಲ್ಲಿ ಗುರುಮೂರ್ತಿ ಎಲ್ಲರನ್ನೂ ಬೈದ. ಕರೆಂಟನ್ನು ಬೈದ, ಶಾಲೆಯ ಆ್ಯಪನ್ನು ಬೈದ, ಸ್ಪೀಕರ್ ಮಾಡಿದವರನ್ನು ಬೈದ. ಪಕ್ಕದ ಮೇಜಿನ ಉಗ್ರಪ್ಪ ಎಲ್ಲ ಕೇಳಿ, “ಅಲ್ರೀ, ಮೇಡಂ ಹತ್ರ ಫೋನಿರ್ಲಿಲ್ವ?” ಎಂದ. ಗುರುಮೂರ್ತಿಗೆ ತಟ್ಟನೆ ತುರ್ತು ಫೈಲೊಂದು ನೆನಪಾಯಿತು.

ಮನೆಯಲ್ಲಿ ಮಂಜುಶ್ರೀ ಹೊತ್ತುಹೊತ್ತಿಗೆ ಊಟ ಬಡಿಸುತ್ತಿದ್ದಳು. ಸಾರು ಬೇಕೇ ಎಂದು ಕೇಳುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು.

ಬುಧವಾರ ಸಂಜೆ ಕೆಂಪಲಕ್ಷ್ಮಮ್ಮ ಮೇಜಿನಡಿ ಗುಡಿಸುತ್ತಾ ಬಗ್ಗಿದವರು ಅಲ್ಲಿಂದಲೇ ಕೂಗಿದರು.

“ಏನ್ಲಾ ಮೂರ್ತಿ, ಆಯುಧ ಪೂಜೆ ಕಡ್ಡೀನ ಇನ್ನೂ ತೆಗ್ದೇ ಇಲ್ವಲ್ಲೋ! ಇಲ್ಲೇ ಮುರ್ಕಂಡು ಕುಂತೈತೆ.”

ಗುರುಮೂರ್ತಿ ಕೊನೆಗೂ ಬಗ್ಗಿ ನೋಡಿದ. ನೆನಪಾಯಿತು. ಪೂಜೆಯ ದಿನ ಊದುಬತ್ತಿ ಸಿಕ್ಕಿಸಲು ಬಾಳೆಹಣ್ಣು ಹುಡುಕಿದ್ದ, ಸಿಕ್ಕಿರಲಿಲ್ಲ. ಮೇಜಿನಡಿ ಇಟ್ಟಿದ್ದ ಕಂಪ್ಯೂಟರ್ ಡಬ್ಬದ ಮುಖದ ಮೇಲೆಯೇ ಒಂದು ಪುಟ್ಟ ದುಂಡನೆಯ ತೂತು ಕಂಡಿತ್ತು. ಜೋಡಿ ಕಡ್ಡಿ ಹೇಳಿ ಮಾಡಿಸಿದಂತೆ ಕೂತಿದ್ದವು! ಅದು ಹೆಡ್‌ಫೋನ್ ಸಿಕ್ಕಿಸುವ ತೂತು. ಬೂದಿ ಉದುರಿದ ಮೇಲೆ ಎಳೆದಾಗ ಕಡ್ಡಿಯ ಬುಡ ಒಳಗೇ ಮುರಿದಿತ್ತು. ಹೆಡ್‌ಫೋನ್ ಜೋಡಿಸಲಾಗಿದೆ ಎಂದು ಯಂತ್ರ ತನಗೆ ತಿಳಿದಷ್ಟು ನಿಜವನ್ನೇ ಹೇಳಿತ್ತು. ಬಗ್ಗಿ ನೋಡಿ ಎಂದು ಹೆಂಡತಿಯೂ ಹೇಳಿದ್ದಳು.

ಬಚ್ಚಿಟ್ಟುಬಿಡೋಣವೇ ಎನಿಸಿತು. ಸೇಫ್ಟಿ ಪಿನ್ನಿನಲ್ಲಿ ಕೆದಕಿ ಕಡ್ಡಿಯ ತುಂಡುಗಳನ್ನು ಅಂಗೈಗೆ ಹಾಕಿಕೊಂಡ. ಅಷ್ಟರಲ್ಲಿ ನೂರೈವತ್ತರ ಧ್ವನಿಯಲ್ಲಿ, ಕಿಟಕಿಯ ಗಾಜು ನಡುಗುವಂತೆ, ಕಂಪ್ಯೂಟರು ‘ಟಣ್!’ ಎಂದಿತು.

ಮಂಜುಶ್ರೀ ಓಡಿ ಬಂದಳು. ಗಂಡನ ಅಂಗೈ ನೋಡಿದಳು, ಪಿನ್ನು ನೋಡಿದಳು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆಮೇಲೆ ಪರದೆ ನೋಡಿದಳು. ಬಂದದ್ದು ಶಾಲೆಯ ಮೇಲ್. ನಿಂತೇ ಓದಿದಳು.

“ವಿಷಯ ಜ್ಞಾನ, ಹತ್ತಕ್ಕೆ ಒಂಬತ್ತು. ಉಚ್ಚಾರಣೆ, ಹತ್ತಕ್ಕೆ ಹತ್ತು. ಕೇಳಿಸಿಕೊಳ್ಳುವ ಗುಣ, ಹತ್ತಕ್ಕೆ ಸೊನ್ನೆ. ಆಯ್ಕೆಯಾಗಿಲ್ಲ.”

“ಮಂಜು, ನಾನು ಅವರಿಗೆ ಫೋನ್ ಮಾಡಿ ಎಲ್ಲಾ ಹೇಳ್ತೀನಿ ಕಣೇ…”

“ಬೇಡ ರೀ. ನಿಮ್ಮ ಮಾತು ಅವರು ಆಗಲೇ ಕೇಳಿದಾರೆ.” ಅವಳು ‘ಕೇಳಿಸಿಕೊಳ್ಳುವ ಗುಣ’ದ ಮುಂದಿನ ಸೊನ್ನೆಯ ಮೇಲೆ ಬೆರಳಿಟ್ಟಳು. “ಹದಿಮೂರು ವರ್ಷದಿಂದ ಈ ಮನೇಲಿ ನಾನು ಮಾಡಿದ್ದು ಅದೊಂದೇ ಕೆಲಸ ಅಲ್ವೇನ್ರೀ? ಅದರಲ್ಲೇ ಫೇಲ್ ಮಾಡಿಸಿಬಿಟ್ರಲ್ಲ.”