ಹಳೇ ಚೀಟಿಯ ವಾಂತಿ ಮಾತ್ರೆ

ವಾಂತಿ ಮಾತ್ರೆ ಕೊಡುವವಳಿಗೆ ನಗುವ ಪ್ರಸಂಗಗಳು ದಿನಕ್ಕೊಂದು ಸಿಗುತ್ತವೆ. ಒಂದು ಮನೆಯವರದ್ದು ನೆನೆದರೆ ಮಾತ್ರ ನಗು ಅರ್ಧಕ್ಕೇ ನಿಲ್ಲುತ್ತದೆ. ನಾನು ವಿಜಯಪುರದ ಕಡೆಯವಳು. ಹುಣಸೂರಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಬಹಳ ವರ್ಷ ನರ್ಸಾಗಿದ್ದೆ. ಹೊಗೆಸೊಪ್ಪಿನ ಗಿಡ ನೋಡಿದ್ದೇ ಇಲ್ಲಿಗೆ ಬಂದ ಮೇಲೆ.

೧. ಊಟಕ್ಕೆ ಮುಂಚೆ

ಬಿಳಿಕೆರೆ ಕಡೆಯ ಅತ್ತೆ, ಸೊಸೆ ಬಂದರು. ಸೊಸೆಗೆ ಎರಡು ದಿನದಿಂದ ವಾಂತಿ. ಡಾಕ್ಟರು ಮಾತ್ರೆ ಬರೆದರು. ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗಬೇಕೆಂದು ಹೇಳಿ ಕೊಟ್ಟೆ. ಮರುದಿನ ಮತ್ತೆ ಹಾಜರು.

“ಮಾತ್ರೇನೂ ಆಚೆಗೇ ಬಂತು ಕಣಕ್ಕಾ,” ಎಂದಳು ಸೊಸೆ.

“ಊಟಕ್ಕೆ ಮುಂಚೆ ತಾನೇ ತಗೊಂಡಿದ್ದು?”

ಅತ್ತೆ ಅಡ್ಡ ಬಂದರು. “ಬರೀ ವಟ್ಟೇಗೆ ಕೊಟ್ರೆ ಉರಿಯಾಕಿಲ್ವಾ? ಮದ್ಯಾನ ಒಂದ್ ಮುದ್ದೆ ಉಣ್ಸಿ ಕೊಟ್ಟೆ. ರಾತ್ರಿ ಊಟಕ್ಕೆ ಮುಂಚೇನೇ ಆಯ್ತಲ್ಲ!”

೨. ಬೀದಿಗೆಲ್ಲ ಸಕ್ಕರೆ

ಮಾರನೇ ವರ್ಷ, ಹೊಗೆಸೊಪ್ಪು ಮುರಿಯುವ ಕಾಲಕ್ಕೆ, ಮತ್ತೆ ಅದೇ ವಾಂತಿ. ಡಾಕ್ಟರ ಮುಂದೆ ಜನವೋ ಜನ. ಅತ್ತೆ ಹಳೇ ಚೀಟಿ ಚಾಚಿದರು.

“ಓದ್ ವರ್ಸದ ವಾಂತೀನೂ ಬಸುರೇ, ಉಳೀಲಿಲ್ಲ. ಇವ್ಳೇ ಏನೋ ಎಡವಟ್ಟು ಮಾಡ್ಕೊಂಡ್ಳು.”

ಸೊಸೆ ತಲೆ ಎತ್ತಲಿಲ್ಲ.

“ಪರೀಕ್ಷೆ ಮಾಡಿಸಿದ್ರಾ?” ಎಂದೆ.

“ಪರೀಕ್ಷೆ ಏನಕ್ಕೆ? ಈ ಸಲಾನೂ ಬಸ್ರಿ ಅಂತ ಬೀದಿಗೆಲ್ಲ ಸಕ್ಕರೆ ಹಂಚಾಯ್ತು!” ಎಂದು ನನ್ನ ಬಾಯಿಗೂ ಒಂದು ಚಿಟಿಕೆ ಹಾಕಿದರು.

ಡಾಕ್ಟರಿಗೆ ತೋರಿಸದೆ ಅದೇ ಚೀಟಿ ನೋಡಿ ಮಾತ್ರೆ ಕೊಟ್ಟುಬಿಟ್ಟೆ. ಸಕ್ಕರೆ ತುಂಬಿದ ಬಾಯಲ್ಲಿ ಇನ್ನೇನು ಕೇಳಲಿ?

೩. ಮೂರನೇ ವರ್ಷ

ಅದೇ ಚೀಟಿ ಮತ್ತೆ ಬಂತು. ಅಷ್ಟರಲ್ಲಿ ಕ್ಲಿನಿಕ್ಕಿಗೆ ಹೊಸ ಲೇಡಿ ಡಾಕ್ಟರು ಬಂದಿದ್ದರು. ಚೀಟಿ ಪಕ್ಕಕ್ಕಿಟ್ಟು ಪರೀಕ್ಷೆ ಮಾಡಿಸಿದರು. ಬಸುರಿಲ್ಲ. ಸೊಸೆಯ ಅಂಗೈ ತಿರುಗಿಸಿ ನೋಡಿದರು. ಕಪ್ಪು ಅಂಟು.

“ಬೆಳಿಗ್ಗೆ ಇಬ್ಬನೀಲೇ ಸೊಪ್ಪು ಮುರೀತೀರಾ?”

“ಊಂ ಕಣವ್ವಾ. ಸೀರೆಯೆಲ್ಲ ನೆಂದೋಯ್ತದೆ.”

“ಒದ್ದೆ ಹೊಗೆಸೊಪ್ಪಿನ ವಿಷ ಚರ್ಮದಿಂದಲೇ ಮೈಗಿಳಿಯುತ್ತೆ. ವಾಂತಿ ಅದರದ್ದು. ಇಬ್ಬನಿ ಆರಿದ ಮೇಲೆ ಮುರೀರಿ. ಕೈಗವಸು, ಉದ್ದ ತೋಳಿನ ಅಂಗಿ ಹಾಕ್ಕೊಳ್ಳಿ. ಬರೀ ಮಾತ್ರೆ ನುಂಗಿದ್ರೆ ಪ್ರತಿ ವರ್ಷ ಇದೇ ಕತೆ.”

ಬಸುರೇ ಆಗದ ಹುಡುಗಿ ಬಸುರು ಕಳೆದುಕೊಂಡವಳೆಂಬ ಮಾತು ಹೊತ್ತು ತಿರುಗಿದ್ದಳು. ಏನು ಕೆಲಸ ಮಾಡ್ತೀಯಮ್ಮಾ ಎಂದು ನಾನು ಒಂದು ಸಲ ಕೇಳಿದ್ದರೆ ಸಾಕಿತ್ತು. ಅವಳ ಮುಖ ನೋಡಲಾಗದೆ ಮಾತ್ರೆ ಡಬ್ಬಿಗಳನ್ನು ಸುಮ್ಮನೆ ಜೋಡಿಸುತ್ತ ನಿಂತೆ.

“ಮನೇಲಿ ಬೇರೆ ಯಾರಿಗಾದ್ರೂ ಹೀಗಾಗುತ್ತಾ?” ಡಾಕ್ಟರು ಕೇಳಿದರು.

“ನಮ್ ಯಜಮಾನ್ರಿಗೂ ವರ್ಸಾ ವರ್ಸಾ ಇಂಗೇ ವಾಂತಿ,” ಎಂದರು ಅತ್ತೆ.

“ಮತ್ತೆ ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?”

“ಅವ್ರೇನ್ ಬಸುರಿ ಆಯ್ತಾರಾ ಅಂತ ಸುಮ್ಕಿದ್ದೆ!”

ಮೊದಲು ನಕ್ಕದ್ದು ಸೊಸೆ. ಮೂರು ವರ್ಷದಲ್ಲಿ ಅವಳ ಹಲ್ಲು ನಾನು ನೋಡಿದ್ದು ಅವತ್ತೇ.