ನನ್ನ ಮುಖಕ್ಕೆ ಅಳೆಸಿದ ಅಕ್ಕನ ಚಾಳೀಸು

ತಲೆನೋವು ಬಂದವರಿಗೆ ಔಷಧಿಗಿಂತ ಮೊದಲು ಸಿಗುವುದು ಕಾರಣ. ನಮ್ಮ ಕಡೆ ಯಾರಾದರೂ ಹಣೆ ಒತ್ತಿಕೊಂಡು ಕೂತರೆ ಸಾಕು, ಓಣಿಗೆ ಓಣಿಯೇ ಡಾಕ್ಟರಾಗಿಬಿಡುತ್ತದೆ. ಬಿಸಿಲು, ಚಹಾ, ದೃಷ್ಟಿ, ಮೊಬೈಲು, ಹಿಂದಿನ ದಿನ ತಿಂದ ಬದನೆಕಾಯಿ, ಎಲ್ಲವೂ ಆರೋಪಿಗಳ ಸಾಲಿನಲ್ಲಿ ನಿಲ್ಲುತ್ತವೆ. ಕಳೆದ ಬೇಸಿಗೆಯಲ್ಲಿ ಮಾನ್ವಿಯಲ್ಲಿರುವ ನಮ್ಮ ಅಕ್ಕ ಹುಲಿಗೆಮ್ಮನಿಗೆ ತಲೆನೋವು ಹತ್ತಿದಾಗಲೂ ಹಾಗೇ ಆಯಿತು. ನಿಜವಾದ ಆರೋಪಿ ಮಾತ್ರ ಅವಳ ಪಕ್ಕದಲ್ಲೇ ಕೂತು, ಅವಳೇ ಮಾಡಿಕೊಟ್ಟ ಚಹಾ ಕುಡಿಯುತ್ತ, "ಈ ವರ್ಷ ಬಿಸಿಲು ಭಾಳ ಅದ ಬೇ" ಎನ್ನುತ್ತಿದ್ದ. ಆ ಆರೋಪಿ ನಾನು.

ನಾನು ದೇವದುರ್ಗದಲ್ಲಿ ಗೌಂಡಿ ಕೆಲಸ ಮಾಡುವವನು. ಐದನೇ ಇಯತ್ತೆಗೇ ಶಾಲೆ ಬಿಟ್ಟೆ. ಆದರೆ ಅಳತೆಯ ವಿಷಯದಲ್ಲಿ ನನ್ನತ್ತ ಯಾರೂ ಬೆರಳು ತೋರಿಸುವಂತಿಲ್ಲ. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟಾಗ ಗೋಡೆ ಬೆರಳಿನಷ್ಟು ವಾಲಿದ್ದರೂ ಕೆಡವಿಸಿ ಮತ್ತೆ ಕಟ್ಟಿಸುತ್ತೇನೆ. "ಕಣ್ಣು ಎಲ್ಲಿಟ್ಟಿದ್ರಲೇ?" ಎಂದು ಕೆಲಸದವರ ಮೇಲೆ ನಾನು ಕೂಗಾಡುವುದು ಮೂರು ಮನೆ ಆಚೆಗೂ ಕೇಳಿಸುತ್ತದೆ. ಅಂಥ ಮನುಷ್ಯ ಅಕ್ಕನ ಕಣ್ಣಿನ ಅಳತೆಯಲ್ಲಿ ಏನು ಮಾಡಿದ ಎಂಬುದನ್ನು ಹೇಳಲು ಈಗಲೂ ನಾಲಿಗೆ ಒಣಗುತ್ತದೆ.

ಅಕ್ಕ ಬ್ಲೌಸು ಹೊಲಿಯುತ್ತಾಳೆ. ಸೂಜಿಗೆ ದಾರ ಪೋಣಿಸುವುದು ಕಷ್ಟವಾದಾಗ ಮಾನ್ವಿಯಲ್ಲೇ ಕಣ್ಣು ತೋರಿಸಿದಳು. ಡಾಕ್ಟರು ನಂಬರು ಬರೆದುಕೊಟ್ಟರು. ಅಲ್ಲಿನ ಅಂಗಡಿಯ ಕನ್ನಡಕದ ಫ್ರೇಮು ಅವಳಿಗೆ ಹಿಡಿಸಲಿಲ್ಲ; ರಾಯಚೂರಿನದಾದರೆ ಗಿರಾಕಿಗಳ ಮುಂದೆ ಒಂದು ಕಳೆ ಇರುತ್ತದಂತೆ. ಮದುವೆಗಳ ಕಾಲ, ಮಷೀನು ಬಿಟ್ಟು ಏಳುವಂತಿರಲಿಲ್ಲ. ನಾನು ಯಾರದೋ ಮನೆಯ ಟೈಲ್ಸ್ ತರಲು ರಾಯಚೂರಿಗೆ ಹೊರಟಿದ್ದೆ. "ಹೆಂಗಿದ್ರೂ ಹೊಂಟಿದಿ, ನನ್ನ ಚಾಳೀಸೂ ಮಾಡಿಸ್ಕೊಂಡು ಬಾ" ಎಂದಳು.

ರಾಯಚೂರಿನ ಅಂಗಡಿಯವರು ನಂಬರು ನೋಡಿ ಕೇಳಿದರು: "ಹಾಕ್ಕೊಳ್ಳೋರು ಎಲ್ಲದಾರ್ರಿ?"

"ಮಾನ್ವ್ಯಾಗ ಅದಾರ್ರಿ."

"ಕರ್ಕೊಂಡು ಬರ್ರಿ. ನಂಬರ್ ಒಂದ ಸಾಲಂಗಿಲ್ಲ. ಎರಡೂ ಕಣ್ಣಿನ ನಡುವಿನ ಅಳತಿ ಬೇಕು."

ಹೊರಗೆ ಟೈಲ್ಸ್ ತುಂಬಿದ ಟೆಂಪೋ ಹಾರ್ನು ಹೊಡೆಯುತ್ತಿತ್ತು. ಇನ್ನೊಂದು ದಿನ ಅಕ್ಕನನ್ನು ಕರೆತರುವುದು ಯಾರಿಗೆ ಬೇಕು? "ನಮ್ಮಿಬ್ಬರದೂ ಒಂದ ಮಾರಿರೀ. ಸಣ್ಣವರಿದ್ದಾಗ ಒಂದ ಅಚ್ಚಿನ್ಯಾಗ ತಗದಾರ ಅಂತಿದ್ರು. ನಂದ ಅಳತಿ ತಗೋರಿ" ಎಂದೆ. ಜನ ಹಾಗೆ ಹೇಳುತ್ತಿದ್ದದ್ದು ನಿಜ, ಆದರೆ ಅದು ಮೂಗಿನ ಬಗ್ಗೆ. ನನ್ನ ಮುಖ ಜೋಳದ ರೊಟ್ಟಿಯ ಹಾಗೆ ಅಗಲ. ಅಕ್ಕನದು ಒಂದು ಅಂಗೈಯಲ್ಲಿ ಮುಚ್ಚಬಹುದಾದಷ್ಟು ಸಣ್ಣದು. ಅಂಗಡಿಯವರು ಒಪ್ಪಲಿಲ್ಲ, ನಾನು ಬಿಡಲಿಲ್ಲ. ಕೊನೆಗೆ ನನ್ನ ಮೂಗಿನ ಮೇಲೆ ಅಳತೆಪಟ್ಟಿ ಇಡುತ್ತ, "ಅವರಿಗೆ ತಲಿನೋವು ಬಂದ್ರ ನನ್ನ ಕೇಳಬ್ಯಾಡ್ರಿ ಮತ್ತ" ಎಂದರು. ಕೇಳಿಸಿಕೊಂಡೆ. ಕೇಳಿಸಲಿಲ್ಲ ಎಂದು ಹೇಳುವ ಅವಕಾಶವೂ ನನಗಿಲ್ಲ.

ಚಾಳೀಸು ಹಾಕಿಕೊಂಡ ಅಕ್ಕ ಕನ್ನಡಿ ನೋಡಿ ಹಿಗ್ಗಿದಳು. ಮಧ್ಯಾಹ್ನದ ಹೊತ್ತಿಗೆ ಹಣೆ ಹಿಡಿದುಕೊಂಡಳು. "ಹೊಸಾದು, ಕಣ್ಣಿಗೆ ರೂಢಿ ಆಗಬೇಕು" ಎಂದೆ. ಹೊಸ ನಂಬರಿಗೆ ಕಣ್ಣು ಹೊಂದಿಕೊಳ್ಳಲು ಕೆಲವು ದಿನ ಬೇಕು ಎಂಬುದು ಸುಳ್ಳೇನಲ್ಲ. ನನ್ನ ಸುಳ್ಳು ಆ ನಿಜದ ನೆರಳಲ್ಲಿ ಆರಾಮಾಗಿ ಕೂತಿತು. ಆದರೆ ದಿನ ಕಳೆದಂತೆ ನೋವು ಹೆಚ್ಚಿತು. ಪಕ್ಕದ ಮನೆಯ ಖಾಸಿಂಬೀ ಬಂದು ದೃಷ್ಟಿ ತೆಗೆದು ಹೋದಳು. ನಾನಂತೂ ದೇವದುರ್ಗದಲ್ಲಿ ಚಾಳೀಸು ಹಾಕಿದವರನ್ನೆಲ್ಲ ದಾರಿಯಲ್ಲಿ ನಿಲ್ಲಿಸಿ ಉಪಾಯ ಕೇಳತೊಡಗಿದೆ. ಕಿವಿಯ ಹಿಂದೆ ಕಡ್ಡಿ ಬಿಗಿಯಾದರೆ ಸಡಿಲಿಸಬೇಕು, ಮೂಗಿನ ಮೇಲೆ ಒತ್ತಬಾರದು, ಗಾಜು ಒರೆಸಬೇಕು, ಮಷೀನಿನ ಹತ್ತಿರ ಬೆಳಕು ಬೇಕು, ಆಗಾಗ ಸೂಜಿಯಿಂದ ಕಣ್ಣೆತ್ತಿ ದೂರದ ಗಿಡ ನೋಡಬೇಕು. ಎಲ್ಲವನ್ನೂ ಫೋನಿನಲ್ಲಿ ಹೇಳಿದೆ. ಎಲ್ಲವೂ ಒಳ್ಳೆಯ ಮಾತೇ. ಹೇಳಬೇಕಾದ ಒಂದನ್ನು ಮುಚ್ಚಿಡಲು ಎಷ್ಟೊಂದು ಒಳ್ಳೆಯ ಮಾತು ಬೇಕಾಯಿತು! ಪಾಪ, ಅಕ್ಕ ಎಲ್ಲವನ್ನೂ ಮಾಡಿದಳು. ನೋವು ಹೋಗಲಿಲ್ಲ. ಒಬ್ಬ ಮದುಮಗಳ ಬ್ಲೌಸಿಗೆ ಎಡಗೈ ತೋಳನ್ನು ಬಲಕ್ಕೆ ಕೂಡಿಸಿಬಿಟ್ಟಳು. ಅಷ್ಟು ವರ್ಷದಲ್ಲಿ ಅವಳಿಂದ ಅಂಥ ತಪ್ಪು ಆಗಿರಲಿಲ್ಲ.

ಒಂದು ಬೆಳಿಗ್ಗೆ ಅವಳೇ ಫೋನು ಮಾಡಿದಳು. ದನಿ ಸಣ್ಣದಾಗಿತ್ತು. "ಲೇ ತಮ್ಮಾ, ಅವ್ವಗೂ ಹಿಂಗ ತಲಿನೋವಿನಿಂದ ಸುರು ಆಗಿತ್ತು, ನೆನಪದ ಏನು? ಆಮ್ಯಾಗ ಆಕಿ ಏಳಲೇ ಇಲ್ಲ. ನಂಗ್ಯಾಕೋ ಹಂಗ ಅನಸಾಕತ್ತದ. ನಾ ಹೋದ್ರ ನನ್ನ ಮಷೀನು ನಿನ್ನ ಹೆಂಡ್ತಿ ಒಯ್ಯಲಿ. ಆಕಿ ಕೈ ಚಲೋ ಅದ."

ನಾನು ಕರಣೆ ಕೆಳಗಿಟ್ಟೆ. ಸಿಮೆಂಟು ಬುಟ್ಟಿಯಲ್ಲೇ ಗಟ್ಟಿಯಾಯಿತು.

ಮರುದಿನ ಅವಳನ್ನು ರಾಯಚೂರಿನ ಕಣ್ಣಿನ ದೊಡ್ಡ ಡಾಕ್ಟರ ಬಳಿ ಕರೆದುಕೊಂಡು ಹೊರಟೆ. ಬಸ್ಸಿನಲ್ಲೇ ಹೇಳಿಬಿಡಬೇಕು ಎಂದು ನಿಶ್ಚಯಿಸಿದ್ದೆ. ಕಲ್ಲೂರು ಬರುವುದರೊಳಗೆ ಹೇಳುತ್ತೇನೆ ಎಂದುಕೊಂಡೆ. ಕಲ್ಲೂರು ಬಂತು, ಹೋಯಿತು. ಬಾಯಿ ತೆರೆದಾಗಲೇ ಅಕ್ಕ ನನ್ನ ಕೈ ಹಿಡಿದು, "ನೀ ಒಬ್ಬಾವ ನೋಡು ನಂಗ. ಬಿಸಿಲಾಗ ತಿರುಗಿ ಚಾಳೀಸು ಮಾಡಿಸ್ಕೊಂಡು ಬಂದಿ" ಎಂದಳು. ತೆರೆದ ಬಾಯಿಗೆ ಶೇಂಗಾ ಹಾಕಿಕೊಂಡೆ.

ಡಾಕ್ಟರು ಒಬ್ಬ ಹೆಣ್ಣುಮಗಳು. ಕಣ್ಣು ನೋಡಿದರು, ನಂಬರು ನೋಡಿದರು, ಎರಡೂ ಸರಿಯಿದ್ದವು. ಅಕ್ಕನ ಉಸಿರು ಜೋರಾಗಿ ಕೇಳಿಸುತ್ತಿತ್ತು. ಕಣ್ಣಲ್ಲಿ ಏನೂ ಇಲ್ಲ ಎಂದರೆ ತಲೆಯಲ್ಲಿ ಏನೋ ಇದೆ ಎಂದೇ ಅವಳ ಲೆಕ್ಕ. ಆಮೇಲೆ ಡಾಕ್ಟರು ಚಾಳೀಸನ್ನು ಯಂತ್ರಕ್ಕಿಟ್ಟು, ಎರಡು ಗಾಜಿನ ಮೇಲೂ ಒಂದೊಂದು ಚುಕ್ಕೆ ಇಟ್ಟು, ಅಕ್ಕನಿಗೆ ಹಾಕಿ ನೋಡಿದರು. ಚುಕ್ಕೆಗಳು ಅವಳ ಕಣ್ಣ ಪಾಪೆಯ ಮುಂದೆ ಇರಲಿಲ್ಲ. ಕಿವಿಯ ಕಡೆಗೆ ಓಡಿಹೋಗುತ್ತಿದ್ದವು.

"ಗಾಜಿನ ನಡುಮಧ್ಯ ಪಾಪೆ ಎದುರಿಗೇ ಬರಬೇಕ್ರಿ ಯವ್ವಾ. ಇಲ್ಲಂದ್ರ ಎರಡೂ ಕಣ್ಣು ದಿನಾ ಜಗ್ಗ್ಯಾಡಿ ತಲಿನೋವು ಬರ್ತದ. ಇದು ನಿಮ್ಮ ಮುಖದ ಅಳತಿ ಅಲ್ಲ. ಯಾರದಿದು?"

ಗೋಡೆ ವಾಲಿದಾಗ ನಮ್ಮ ಕೆಲಸದವರು ನನ್ನ ಮುಂದೆ ಹೇಗೆ ನಿಲ್ಲುತ್ತಾರೋ ಹಾಗೇ ನಿಂತೆ.

"ನಂದ್ರಿ" ಎಂದೆ.

ಅಕ್ಕ ನನ್ನತ್ತ ತಿರುಗಲಿಲ್ಲ. "ಅಂದ್ರ ನಾ ಸಾಯಂಗಿಲ್ಲೇನ್ರೀ?" ಎಂದು ಡಾಕ್ಟರನ್ನು ಕೇಳಿದಳು.

"ಗಾಜು ಬದಲಿ ಮಾಡಿಸ್ರಿ, ಸಾಕು. ಆಮ್ಯಾಲೂ ನೋವು ಇದ್ರ ತಿರುಗಿ ಬರ್ರಿ."

ಅಕ್ಕ ಅತ್ತಳು. ಅಷ್ಟು ದಿನ ಹೆದರಿಕೆಯನ್ನು ಒಬ್ಬಳೇ ಹೊತ್ತುಕೊಂಡಿದ್ದಳು ಎಂದು ಆಗ ತಿಳಿಯಿತು. ಹೊಸ ಚಾಳೀಸಿಗೆ ಅವಳೇ ಅಂಗಡಿಯಲ್ಲಿ ಕೂತು ಅಳತೆ ಕೊಟ್ಟಳು. ಅಂಗಡಿಯವರು ನನ್ನ ಗುರುತು ಹಿಡಿದರೂ ಏನೂ ಅನ್ನಲಿಲ್ಲ, ಅಂದಿದ್ದರೇ ಚೆನ್ನಾಗಿತ್ತು. ಅಕ್ಕನೂ ಬೈಯಲಿಲ್ಲ. ಮಾನ್ವಿಯವರೆಗೂ ಕಿಟಕಿಯ ಹೊರಗೆ ನೋಡುತ್ತ ಕೂತಳು. ಅವಳ ಬೈಗುಳ ನನಗೆ ರೂಢಿ, ಈ ಮೌನ ಹೊಸದು.

ಹೊಸ ಚಾಳೀಸು ಬಂದ ಮೇಲೆ ತಲೆನೋವು ಹೋಯಿತು, ಮಷೀನು ಮತ್ತೆ ಓಡಿತು. ನನ್ನ ಜೊತೆ ಮಾತು ಮಾತ್ರ ಶುರುವಾಗಲಿಲ್ಲ. ಅಷ್ಟರಲ್ಲಿ ಒಂದು ದಿನ ಮಾನ್ವಿಯ ಬಸ್ಸಿನಲ್ಲಿ ನನಗೊಂದು ಗಂಟು ಬಂತು. ಒಳಗೆ ನೀಲಿ ಅಂಗಿ, ಚಂದದ ಹೊಲಿಗೆ. ಹಾಕಿಕೊಂಡೆ. ಭುಜ ಒಳಗೆ ಹೋಗಲು ಒಪ್ಪಲಿಲ್ಲ, ಗುಂಡಿಗಳು ಒಂದನ್ನೊಂದು ನೋಡಲೇ ಇಲ್ಲ. ಅಷ್ಟರಲ್ಲಿ ಫೋನು ಬಂತು.

"ಅಂಗಿ ಮುಟ್ಟಿತೇನಲೇ? ನಿನ್ನ ಅಳತಿ ಇರಲಿಲ್ಲ, ನಂದ ಇಟ್ಟು ಹೊಲದೀನಿ. ಹೆಂಗ ಕುಂತದ?"

ಉಸಿರು ಹಿಡಿದು, ಹೊಟ್ಟೆ ಒಳಗೆಳೆದುಕೊಂಡು, "ಬರೋಬ್ಬರಿ ಕುಂತದ ಬೇ" ಎಂದೆ.