ದಯವಿಟ್ಟು ಯಾರೂ ಫೋನ್ ಮಾಡಬೇಡಿ

ಗೋದಾಮಿನ ಕಾರಕೂನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ರೌಟರಿನ ಹಸಿರು ದೀಪ ಕೆಂಪಾಯಿತು. ಮಧ್ಯಾಹ್ನ ಮೂರಕ್ಕೆ ಕಂಪ್ಯೂಟರಿನಲ್ಲೇ ಅವನ ಸಂದರ್ಶನ. ಫ್ರಿಜ್ ಮಾರುವ ಕಂಪನಿಯ ಗ್ರಾಹಕ ಸೇವಾ ವಿಭಾಗ, ಹಗಲಿನ ಕೆಲಸ. ಈಗಿನದು ರಾತ್ರಿ ಪಾಳಿ. ಮಗಳು ಶಾಲೆಯಲ್ಲಿ ಬಿಡಿಸಿದ ‘ನನ್ನ ಕುಟುಂಬ’ದ ಚಿತ್ರದಲ್ಲಿ ಅಮ್ಮ ನಿಂತಿದ್ದಳು, ಮಗಳು ನಿಂತಿದ್ದಳು, ಅಪ್ಪ ಮಾತ್ರ ಮುಸುಕು ಹೊದ್ದು ಮಲಗಿದ್ದ. “ಅಪ್ಪನಿಗೆ ಹುಷಾರಿಲ್ವಾ ಪುಟ್ಟಿ?” ಎಂದು ಟೀಚರು ಕೇಳಿದ್ದರಂತೆ. ಈ ಕೆಲಸ ಸಿಗಲೇಬೇಕಿತ್ತು.

ದಪ್ಪ ಗೋಡೆಯ ಆ ಹಳೇ ಕಟ್ಟಡದೊಳಗೆ ಮೊಬೈಲಿಗೆ ಸಿಗ್ನಲ್ ಇಲ್ಲ. ನೆಟ್ ಬರುವುದೂ ಟೆಲಿಫೋನ್ ತಂತಿಯಲ್ಲೇ. ಕಾರಕೂನ ಟೆಲಿಫೋನ್ ಆಫೀಸಿಗೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟ. ರೌಟರನ್ನು ಆರಿಸಿದ, ಹಚ್ಚಿದ, ಒರೆಸಿದ. ಅದು ಮುನಿಸಿಕೊಂಡ ಅಳಿಯನ ಹಾಗೆ ಮುಖ ಕೆಂಪು ಮಾಡಿಕೊಂಡೇ ಕೂತಿತ್ತು.

ಅವನ ಗೊಣಗಾಟ ಕೇಳಿ ಕೆಳಗಿನ ಮನೆಯ ನಿವೃತ್ತ ಹೆಡ್‌ಮಾಸ್ತರರು ಹತ್ತಿ ಬಂದರು.

“ಗೋಡೆ ಕಡೆ ಮುಖ ಮಾಡಿಸಿದೀರಲ್ರೀ! ಅದೇನು ತಪ್ಪು ಮಾಡಿದೆ ಅಂತ?” ಎಂದು, ಶಿಕ್ಷೆಗೆ ನಿಂತ ಹುಡುಗನನ್ನು ತರಗತಿಯ ಕಡೆ ತಿರುಗಿಸುವ ಹಾಗೆ ರೌಟರನ್ನು ಕೋಣೆಯ ಕಡೆ ತಿರುಗಿಸಿದರು. ದೀಪ ಹಸಿರಾಯಿತು. ಮೇಷ್ಟ್ರು ಮೀಸೆ ತಿರುವುವಷ್ಟರಲ್ಲಿ ಟೆಲಿಫೋನ್ ಬಡಿದುಕೊಂಡಿತು. ದೀಪ ಮತ್ತೆ ಕೆಂಪು.

“ಕಂಪ್ಲೇಂಟ್ ಕೊಟ್ಟಿದ್ರಲ್ಲ ಸಾರ್, ನೆಟ್ ಸರಿಯಾಯ್ತಾ?”

“ಆಗಿತ್ತು. ನೀವು ಫೋನ್ ಮಾಡೋವರೆಗೂ.”

“ಓ, ಹಾಗಾದ್ರೆ ಫೋನನ್ನೂ ನೆಟ್ಟನ್ನೂ ಬೇರೆ ಮಾಡೋ ಡಬ್ಬಿ ಕೆಟ್ಟಿದೆ. ನಾಳೆ ಬರ್ತೀವಿ. ಅಲ್ಲೀತನಕ ಯಾರೂ ಫೋನ್ ಮಾಡದ ಹಾಗೆ ನೋಡ್ಕೊಳ್ಳಿ.”

“ಅದನ್ನ ನನಗೆ ಬಿಡಿ,” ಎಂದು ಮೇಷ್ಟ್ರು ದಡದಡನೆ ಇಳಿದರು.

ದೀಪ ಬಿಸಿಲಿಗೆ ಬಂದ ಬೆಕ್ಕಿನ ಹಾಗೆ ಕಣ್ಣು ಮಿಟುಕಿಸಿ, ಮಿಟುಕಿಸಿ, ಅಂತೂ ಹಸಿರಾಯಿತು. ಫೋನ್ ಬಂತು. ಎದುರು ಮನೆಯ ಟೈಲರ್ ಅಕ್ಕ.

“ನಿಮ್ಮನೆಗೆ ಫೋನ್ ಮಾಡಬಾರ್ದು ಅಂತ ಮೇಷ್ಟ್ರು ಹೇಳಿದ್ರು. ನಿಜವಾ?”

“ನಿಜ ಅಕ್ಕಾ, ಇಡಿ.”

“ಅಯ್ಯೋ, ನಾನ್ಯಾಕೆ ಮಾಡಲಿ! ಕೇಳೋಣ ಅಂತ ಮಾಡ್ದೆ ಅಷ್ಟೆ.”

ಮತ್ತೆ ಮಿಟುಕಾಟ, ಮತ್ತೆ ಹಸಿರು, ಮತ್ತೆ ಫೋನ್. ಈ ಸಲ ಮೇಷ್ಟ್ರೇ. “ಎಲ್ಲರಿಗೂ ಹೇಳಿದ್ದಾಯ್ತು ಕಣ್ರೀ. ಇನ್ನು ಒಂದು ಫೋನ್ ಬಂದ್ರೆ ನನ್ನ ಕೇಳಿ!”

“ರೀ, ಆ ತಂತಿ ಕಿತ್ತಾಕ್ರೀ ಅತ್ಲಾಗೆ,” ಎಂದಳು ಹೆಂಡತಿ.

ಇಷ್ಟು ಹೊತ್ತು ಇದು ಹೊಳೆದಿರಲಿಲ್ಲವಲ್ಲ! ಕಾರಕೂನ ಡಬ್ಬಿಯಿಂದ ಟೆಲಿಫೋನಿಗೆ ಹೋಗುವ ತಂತಿಯನ್ನಷ್ಟೇ ಕಿತ್ತ. ದೀಪ ಹಸಿರಾಯಿತು, ಹಾಗೇ ನಿಂತಿತು. ಮೂರಕ್ಕೆ ಸರಿಯಾಗಿ ಟೈ ಬಿಗಿದು, ಕಂಪ್ಯೂಟರಿನ ಮುಂದೆ ನಗುಮುಖ ಹೊತ್ತು ಕೂತ. ‘ಸಂದರ್ಶಕರು ಇನ್ನೂ ಬಂದಿಲ್ಲ, ಕಾಯಿರಿ’ ಎಂದಿತು ಪರದೆ. ಕಾದ. ದವಡೆ ನೋವು ಬಂತು, ನಗು ಬಿಡಲಿಲ್ಲ. ಮೂರೂವರೆಯಾಯಿತು, ನಾಲ್ಕಾಯಿತು. ಪರದೆಯಲ್ಲಿ ಅವನನ್ನು ಬಿಟ್ಟರೆ ಇನ್ನೊಂದು ಮುಖವಿಲ್ಲ.

“ಅವರ ಆಫೀಸಿಗೇ ಫೋನ್ ಮಾಡಿ ಕೇಳ್ಬಾರ್ದಾ?” ಎಂದಳು ಹೆಂಡತಿ.

ತಂತಿ ಸಿಕ್ಕಿಸಿ ಕೈ ತೆಗೆದಿರಲಿಲ್ಲ, ಫೋನ್ ಬಡಿದುಕೊಂಡಿತು.

“ಅಬ್ಬಾ, ಸಿಕ್ಕಿದ್ರಲ್ಲ!” ಎಂದಿತು ಹೆಣ್ಣುದನಿ. “ಫ್ರಿಜ್ ಕಂಪನಿಯಿಂದ. ನಮ್ಮ ಆಫೀಸಲ್ಲಿ ಬೆಳಗ್ಗೆಯಿಂದ ನೆಟ್ ಕೈಕೊಟ್ಟಿದೆ ಸಾರ್. ಎಲ್ಲರ ಸಂದರ್ಶನಾನೂ ಫೋನಲ್ಲೇ ಮುಗಿಸಿದ್ವಿ. ನಿಮಗೆ ಮೂರರಿಂದ ಮಾಡ್ತಾನೇ ಇದೀನಿ.”

“ಮೇಡಂ, ಈಗ ಮಾತಾಡಬಹುದಲ್ಲ? ನಾನು ರೆಡಿ ಇದೀನಿ.”

“ಆಯ್ಕೆ ಮುಗೀತು ಸಾರ್. ಗ್ರಾಹಕರ ಫೋನ್ ಎತ್ತೋದೇ ಇಲ್ಲಿ ಕೆಲಸ, ಇವರು ನಮ್ಮ ಫೋನೇ ಎತ್ತಲ್ವಲ್ಲ ಅಂದ್ರು ನಮ್ಮ ದೊಡ್ಡವರು.”

ಕಾರಕೂನ ರಿಸೀವರ್ ಇಟ್ಟು ಬಾಗಿಲು ತೆರೆದ. ಮೆಟ್ಟಿಲ ಮೇಲೆ ಮೇಷ್ಟ್ರು ಕಾವಲಿಗೆ ಕೂತಿದ್ದರು. ಹೆಮ್ಮೆಯಿಂದ ಕತ್ತೆತ್ತಿ ಕೇಳಿದರು:

“ಹೇಗೆ? ಸಂದರ್ಶನದ ಹೊತ್ತಲ್ಲಿ ಒಂದಾದ್ರೂ ಫೋನ್ ಬಂತೇನ್ರೀ?”

“ಇಲ್ಲ ಸಾರ್,” ಎಂದ ಕಾರಕೂನ ಟೈ ಸಡಿಲಿಸುತ್ತ. “ಒಂದೂ ಬರಲಿಲ್ಲ.”